ಮೂರು ಅಂದಾಗಲೋ, ಮೂರು ಆದಮೇಲೋ

ಟೆಂಟಿನ ಪೆಟ್ಟಿಗೆ ಕಂಡಕ್ಟರ ಕಾಲ ಮೇಲೆ ಬಿದ್ದದ್ದು ಭಾರದಿಂದಲ್ಲ, ಎಣಿಕೆಯಿಂದ.

ಭಾನುವಾರ ಸಂಜೆ. ಗ್ಯಾರೇಜಿನ ಮುಂದೆ ವ್ಯಾನು ನಿಂತಿತ್ತು. ಅದರ ನೆತ್ತಿಯ ಮೇಲೆ ಐದಡಿ ಉದ್ದ, ನಾಲ್ಕಡಿ ಅಗಲ, ಒಂದಡಿ ದಪ್ಪದ ಕಪ್ಪು ಪೆಟ್ಟಿಗೆ. ಬಿಚ್ಚಿದರೆ ಅದೇ ಟೆಂಟು. ಹಾಸಿಗೆ, ಗೋಡೆ, ಕಿಟಕಿ ಎಲ್ಲ ಅದರೊಳಗೇ. ಏಣಿ ಹತ್ತಿ ವ್ಯಾನಿನ ತಲೆಯ ಮೇಲೇ ಮಲಗಬಹುದು. ಮಡಿಸಿದರೆ ಅರವತ್ತು ಕೆಜಿ. ಅದನ್ನು ಇಳಿಸಲು ನಾಲ್ಕು ಮೂಲೆಗೆ ನಾಲ್ಕು ಜನ ನಿಂತಿದ್ದರು: ಆಯಮ್ಮ, ಅವಳ ಗಂಡ ಕಂಡಕ್ಟರು, ಫ್ರಿಡ್ಜ್ ರಿಪೇರಿ ಮಾಡುವ ಮಗ, ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯುವ ಸೊಸೆ.

"ಮೂರು ಅಂದಾಗ ಎತ್ತಿ," ಅಂದಳು ಆಯಮ್ಮ. "ಒಂದು, ಎರಡು, ಮೂರು!"

ಮೂವತ್ತೊಂದು ವರ್ಷ ಆಸ್ಪತ್ರೆ ವಾರ್ಡಿನಲ್ಲಿ ಆಯಾ ಆಗಿದ್ದವಳಿಗೆ ಮೂರು ಅಂದರೆ ಎತ್ತು, ಅಷ್ಟೇ. ಬಸ್ಸಿನ ಕೆಲಸದಿಂದ ನಿವೃತ್ತನಾದ ಕಂಡಕ್ಟರಿಗೆ ಹಾಗಲ್ಲ. ಎಷ್ಟು ಎಣಿಸಿದರೂ 'ರೈಟ್' ಅನ್ನುವ ತನಕ ಗಾಡಿ ಕದಲಕೂಡದು. ಮಗ ಫ್ರಿಡ್ಜ್ ಎತ್ತಿ ಪಳಗಿದವನು, ಅವರಲ್ಲಿ ಎರಡು ಅನ್ನುವಷ್ಟರಲ್ಲಿ ಫ್ರಿಡ್ಜು ಗಾಳಿಯಲ್ಲಿರುತ್ತದೆ. ಸೊಸೆ ಉಳಿದವರ ಮುಖ ನೋಡಿಕೊಂಡು ಎತ್ತುವವಳು. ಹೀಗಾಗಿ ಒಂದು ಮೂಲೆ ಎರಡಕ್ಕೆ ಎದ್ದಿತು, ಒಂದು ಮೂರಕ್ಕೆ ಎದ್ದಿತು, ಒಂದು ಅನುಮಾನದಲ್ಲಿ ಎದ್ದಿತು, ನಾಲ್ಕನೆಯದು ಏಳಲೇ ಇಲ್ಲ. ಪೆಟ್ಟಿಗೆ ವಾಲಿತು, ಜಾರಿತು, ಕಂಡಕ್ಟರ ಬಲಗಾಲ ಹೆಬ್ಬೆರಳ ಮೇಲೆ ಬಂದು ಕೂತಿತು.

"ಅಯ್ಯಯ್ಯೋ! ಸತ್ತೆ!"

"ಮೂರು ಅಂದಾಗ ಎತ್ತಬೇಕಿತ್ತು ರೀ!"

"ಮೂರು ಆದಮೇಲೆ ಅಂದ್ಕೊಂಡೆ ಕಣೇ! ರೈಟ್ ಎಲ್ಲಿ ಅಂದೆ ನೀನು?"

"ಇದೇನು ಬಸ್ಸಾ?"

"ಜಗಳ ಆಮೇಲೆ ಆಡಿ, ಮೊದಲು ಕಾಲು ಬಿಡಿಸಿ ಮಾವಂದು," ಅಂದಳು ಸೊಸೆ.

ಉಗುರು ಆ ಸಂಜೆಯೇ ಕಪ್ಪಾಯಿತು. ಊಟಕ್ಕೆ ಕೂತಾಗ ಕಂಡಕ್ಟರು ಆ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡ. ಸೊಸೆ ಮಾಡಿದ ಆಲೂಗಡ್ಡೆ ಸೀದಿತ್ತು. ಯಾರೂ ಅದರ ಮಾತೆತ್ತಲಿಲ್ಲ. ಮಗ ತಟ್ಟೆ ಸರಿಸಿ ಹೇಳಿದ:

"ಅಮ್ಮ, ಸಾಕು. ಇನ್ಮೇಲೆ ಆ ಪೆಟ್ಟಿಗೆಗೆ ನಾನು ಕೈ ಹಾಕಲ್ಲ."

"ನಾನೂ ಇಲ್ಲ," ಅಂದ ಕಂಡಕ್ಟರು.

ಸೊಸೆ ಆಲೂಗಡ್ಡೆಯ ಪಾತ್ರೆಯನ್ನು ಸದ್ದಾಗುವಂತೆ ಎತ್ತಿಕೊಂಡು ಒಳಗೆ ಹೋದಳು.

ಆ ಟೆಂಟು ಮನೆಗೆ ಬಂದು ಒಂದೂವರೆ ತಿಂಗಳಾಗಿತ್ತು. ಊರು ಬಿಟ್ಟು ಹೊರಟಿದ್ದ ಡಾಕ್ಟರಮ್ಮ ಒಬ್ಬರು ಸಾಮಾನು ಮಾರುತ್ತಿದ್ದರು. ಕಪಾಟು ನೋಡಲು ಹೋದ ಆಯಮ್ಮ ಟೆಂಟು ಕೊಂಡು ಬಂದಳು. ವ್ಯಾನು ಓಡಿಸುವುದನ್ನು ಅವಳು ಐವತ್ತನೆಯ ವಯಸ್ಸಿನಲ್ಲಿ ಆಂಬುಲೆನ್ಸ್ ಡ್ರೈವರನ ಕೈಯಲ್ಲಿ ಕಲಿತಿದ್ದಳು. ಶನಿವಾರ ಮಧ್ಯಾಹ್ನ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೊರಟರೆ ಊರಾಚೆಯ ದೊಡ್ಡ ಕೆರೆ. ಅಲ್ಲಿ ಪಂಪ್‌ಹೌಸ್ ಕಾವಲುಗಾರನ ಸಂಸಾರ ಇತ್ತು, ಭಯವಿಲ್ಲ. ಅವರ ಅಂಗಳದ ಅಂಚಿಗೆ ವ್ಯಾನು ನಿಲ್ಲಿಸಿ, ಟೆಂಟು ಬಿಚ್ಚಿ ಮಲಗಿದರೆ ಭಾನುವಾರ ಬಿಸಿಲು ಮುಖಕ್ಕೆ ಬೀಳುವ ತನಕ ಏಳುತ್ತಿರಲಿಲ್ಲ.

"ಅಲ್ಲಿ ಹೋಗಿ ಏನು ಮಾಡ್ತೀಯ?" ಎಂದು ಗಂಡ ಮೊದಲ ವಾರ ಕೇಳಿದ್ದ.

"ಏನೂ ಮಾಡಲ್ಲ. ಅದಕ್ಕೇ ಹೋಗ್ತೀನಿ."

ವಾರದ ದಿನ ವ್ಯಾನು ಮಗನದು. ಫ್ರಿಡ್ಜು ಸಾಗಿಸಲು ಅವನು ದೊಡ್ಡ ಕಟ್ಟಡಗಳ ನೆಲಮಾಳಿಗೆಗೆ ಇಳಿಯಬೇಕು. ನೆತ್ತಿಯ ಮೇಲೆ ಪೆಟ್ಟಿಗೆ ಇದ್ದರೆ ಬಾಗಿಲಲ್ಲೇ ಬಡಿಯುತ್ತದೆ. ಹಾಗಾಗಿ ಶನಿವಾರ ಏರಿಸಬೇಕು, ಭಾನುವಾರ ಇಳಿಸಬೇಕು. ಇಳಿಸಿದ್ದನ್ನು ಇಡಲು ಜಾಗವಿಲ್ಲ, ಗ್ಯಾರೇಜಿನ ಗೋಡೆಯ ಉದ್ದಕ್ಕೂ ಮಗನ ಮೂರು ಸತ್ತ ಫ್ರಿಡ್ಜುಗಳು. ಪೆಟ್ಟಿಗೆ ನಟ್ಟನಡುವೆ ನೆಲದ ಮೇಲೆ ಮಲಗಿ, ಹೋಗಿಬರುವವರ ಮೊಣಕಾಲಿಗೆ ಬಡಿಯುತ್ತಿತ್ತು. ಮನೆಯವರು ಅದಕ್ಕೆ ಇಟ್ಟ ಹೆಸರು 'ಹೆಣದ ಪೆಟ್ಟಿಗೆ'.

ಆದರೆ ನಿಜವಾದ ಸಂಕಟ ಗ್ಯಾರೇಜಿನಲ್ಲಿರಲಿಲ್ಲ, ಒಳಕೋಣೆಯ ಮಂಚದ ಮೇಲಿತ್ತು. ಕಂಡಕ್ಟರ ತಾಯಿ. ಮನೆಗೆಲ್ಲ ಅಜ್ಜಿ, ಆಯಮ್ಮನಿಗೆ ಅತ್ತೆ. ಎಂಬತ್ತೊಂದು ವರ್ಷ. ಹೋದ ವರ್ಷ ಸೊಂಟದ ಮೂಳೆ ಮುರಿದ ಮೇಲೆ ಕಾಲು ಸೋತಿತ್ತು, ನಾಲಿಗೆಗೆ ಏನೂ ಆಗಿರಲಿಲ್ಲ. ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಮಂಚಕ್ಕೆ, ದಿನಕ್ಕೆ ಆರು ಸಲ ಅವಳನ್ನು ಸಾಗಿಸಬೇಕು. ಆರೂ ಸಲ ಸಾಗಿಸುವವಳು ಆಯಮ್ಮ, ಒಬ್ಬಳೇ. ಅವಳು ಕೆರೆಗೆ ಹೋದ ಭಾನುವಾರ ಆ ಕೆಲಸ ಉಳಿದ ಮೂವರ ಪಾಲಿಗೆ. ಕಂಡಕ್ಟರು ಕಾಲು ಹಿಡಿದು, ಮಗ ಕಂಕುಳು ಹಿಡಿದು, ಸೊಸೆ ನಡುವೆ ಎಲ್ಲಿ ಸಿಕ್ಕಿತೋ ಅಲ್ಲಿ ಹಿಡಿದು, ಒಂದು-ಎರಡು-ಮೂರು ಎಂದು ಎತ್ತಿ ಕುರ್ಚಿಗೆ ಹಾಕುವಷ್ಟರಲ್ಲಿ ಅಜ್ಜಿ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು: "ನಾನೇನು ಅಕ್ಕಿ ಮೂಟೆನೇನ್ರೋ! ಕಟುಕರೇ!"

ಮುಂದಿನ ಶನಿವಾರ ಬಂತು. ಆಯಮ್ಮ ಮೊಟ್ಟೆ ಬೇಯಿಸಿ, ಫ್ಲಾಸ್ಕು ತುಂಬಿ, ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೂಗಿದಳು: "ಬನ್ರೋ, ಸ್ವಲ್ಪ ಕೈ ಕೊಡಿ!"

ಕಂಡಕ್ಟರು ಪತ್ರಿಕೆಯ ಹಿಂದಿನಿಂದ ಕಪ್ಪು ಹೆಬ್ಬೆರಳು ಎತ್ತಿ ತೋರಿಸಿದ. ಮಗ ಸ್ನಾನಕ್ಕೆ ಹೋಗಿ ಬಾಗಿಲು ಹಾಕಿಕೊಂಡ. ಸೊಸೆ ಬಟ್ಟೆ ಒಣಗಿಸುತ್ತಿದ್ದಳು. ಒಣಗಿದ ಬಟ್ಟೆಯನ್ನೇ ತೆಗೆದು ಮತ್ತೆ ಒಣಗಿಸುತ್ತಿದ್ದಳು.

ಆಯಮ್ಮ ಹತ್ತು ನಿಮಿಷ ನಿಂತಳು. ಆಮೇಲೆ ಒಳಗೆ ಬಂದು ಮೊಟ್ಟೆಯ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಕೈ ಕೊಡಿ ಅಂದೆ. ಚೆನ್ನಾಗಿಯೇ ಕೈ ಕೊಟ್ರಿ!"

"ಅಮ್ಮ, ಸುಮ್ನೆ ಮಾತು ಬೆಳೆಸ್ಬೇಡ," ಮಗ ತಲೆ ಒರೆಸಿಕೊಳ್ಳುತ್ತ ಬಂದ. "ಅದನ್ನ ಮಾರಿಬಿಡೋಣ. ನನ್ನ ಗಿರಾಕಿ ಒಬ್ಬ ಇದ್ದಾನೆ, ಪ್ರವಾಸದ ಗಾಡಿಗಳಿಗೆ ಸಾಮಾನು ಬಾಡಿಗೆ ಕೊಡೋನು. ಮುಂದಿನ ತಿಂಗಳ ಮೊದಲ ಭಾನುವಾರ ಬರ್ತೀನಿ ಅಂದಿದ್ದಾನೆ."

"ನನ್ನ ಟೆಂಟಿಗೆ ಗಿರಾಕಿ ಹುಡುಕೋಕೆ ನಿನಗೆ ಹೇಳಿದೋರು ಯಾರೋ?"

"ಪ್ರತಿ ವಾರ ನಾಲ್ಕು ಜನ ಬೇಕು ಅದಕ್ಕೆ! ಅಪ್ಪನ ಕಾಲು ಹೋಯ್ತು. ನಾಳೆ ನನ್ನ ಸೊಂಟ ಹೋದ್ರೆ ಮನೆ ನಡೆಸೋರು ಯಾರು? ನೀನೊಬ್ಬಳೇ ಅದನ್ನ ಏರಿಸಿ, ಇಳಿಸಿ, ಯಾರ ದಾರಿಗೂ ಅಡ್ಡ ಬರದಂಗೆ ಎತ್ತಿಟ್ಟರೆ ಇಟ್ಕೋ. ನಾನು ತುಟಿ ಬಿಚ್ಚಲ್ಲ."

"ಮಾತು ಕೊಟ್ಟೆಯಾ?"

"ಕೊಟ್ಟೆ. ಆಗಲ್ಲ ಅಂತ ಗೊತ್ತಿದ್ದೇ ಕೊಟ್ಟೆ."

"ಆಯ್ತು," ಅಂದಳು ಆಯಮ್ಮ. "ಆ ಗಿರಾಕಿ ಬರಲಿ. ಬರಿಗೈಲಿ ಕಳಿಸ್ತೀನಿ."

ಒಳಕೋಣೆಯಿಂದ ಅಜ್ಜಿಯ ದನಿ ಬಂತು: "ಬಿದ್ದು ಸಾಯ್ತಾಳೆ. ಆಮೇಲೆ ನನ್ನನ್ನ ಎತ್ತೋರು ಯಾರು?"

ಮಗನ ಮಾತಿಗಿಂತ ಈ ಮಾತು ಆಯಮ್ಮನಿಗೆ ಹೆಚ್ಚು ಉರಿಯಿತು. ಅಂದು ಸಂಜೆ ಅತ್ತೆಯನ್ನು ಕುರ್ಚಿಯಿಂದ ಮಂಚಕ್ಕೆ ಸಾಗಿಸುವಾಗ ತುಟಿ ಬಿಗಿದುಕೊಂಡೇ ಕೆಲಸ ಮಾಡಿದಳು. ಹೊಸ ಹಾಸಿಗೆಗೆ ಸುತ್ತಿ ಬಂದಿದ್ದ ದಪ್ಪ ಪ್ಲಾಸ್ಟಿಕ್ ಹಾಳೆ ಅವಳ ಹತ್ತಿರ ಇತ್ತು. ಅದನ್ನು ಮುದುಕಿಯ ಪಕ್ಕೆಯ ಕೆಳಗೆ ತೂರಿಸಿದಳು, ಕುರ್ಚಿಗೂ ಮಂಚಕ್ಕೂ ನಡುವೆ ನುಣುಪು ಹಲಗೆ ಇಟ್ಟಳು, ತನ್ನ ಮೊಣಕಾಲನ್ನು ಮಂಚಕ್ಕೆ ಒತ್ತಿ ಹಾಳೆ ಎಳೆದಳು. ಮುದುಕಿ ದೋಣಿಯ ಹಾಗೆ ಜಾರಿ ಮಂಚ ಸೇರಿದಳು. ಮೊದಲು ತಲೆ-ಭುಜ, ಆಮೇಲೆ ಸೊಂಟ, ಕೊನೆಗೆ ಕಾಲು. ವಾರ್ಡಿನಲ್ಲಿ ಹಿರಿಯ ಆಯಾ ಕಲಿಸಿದ ಮಾತು ಒಂದಿತ್ತು: ಎತ್ತೋಳು ಸೊಂಟ ಕಳ್ಕೋತಾಳೆ, ಜಾರಿಸೋಳು ಪಿಂಚಣಿ ತಗೋತಾಳೆ.

"ಕೋಪ ನನ್ನ ಮೇಲೆ ತೀರಿಸ್ಬೇಡ," ಅಜ್ಜಿ ದಿಂಬು ಸರಿಮಾಡಿಕೊಂಡಳು. "ಹೋದ ತಿಂಗಳು ತೂಕ ಹಾಕಿದ್ರಲ್ಲ, ಎಷ್ಟು ಬಂತು ನಂದು?"

"ಎಪ್ಪತ್ತೆರಡು."

"ಆ ಪೆಟ್ಟಿಗೆದು?"

"ಅರವತ್ತು."

"ಹಂಗಿದ್ರೆ ಆ ಪೆಟ್ಟಿಗೆ ಎತ್ತೋಕೆ ನಾಲ್ಕು ಜನ ಯಾಕೆ ಬೇಕು? ನಾನೇನು ಅದಕ್ಕಿಂತ ಹಗುರಾನಾ?" ಅಜ್ಜಿಗೆ ಇದು ನಿಜಕ್ಕೂ ಅವಮಾನವಾಗಿತ್ತು. "ನೀನು ನನ್ನ ಎತ್ತೋವಾಗ ಯಾರೂ ಬಂದು ಕೈ ಹಾಕಿದ್ದು ನಾನು ಕಾಣೆ. ಆ ಡಬ್ಬಕ್ಕಾದರೆ ಮನೆ ಮಂದಿಯೆಲ್ಲ!"

ಆಯಮ್ಮ ಹಾಳೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಅತ್ತೆಯ ಮುಖ ನೋಡಿದಳು. ಕೈಯಲ್ಲಿದ್ದ ಪ್ಲಾಸ್ಟಿಕ್ ನೋಡಿದಳು.

"ಅತ್ತೆ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು."

"ನಂಗೆ ಸಕ್ಕರೆ ಕಾಯಿಲೆ. ಮರೆತ್ಯಾ?"

ಸೋಮವಾರ ಆಯಮ್ಮ ಆಂಬುಲೆನ್ಸ್ ಡ್ರೈವರನನ್ನು ಕರೆದುಕೊಂಡು ಗುಜರಿ ಅಂಗಡಿಗೆ ಹೋದಳು. ಕಟ್ಟಡದ ಸಾರವೆಗೆ ಹಾಕುವ ಹತ್ತಡಿಯ ಎರಡು ಹಲಗೆ, ಕಬ್ಬಿಣದ ಎರಡು ರಾಟೆ, ಮುರಿದ ಸ್ಟ್ರೆಚರಿನ ನಾಲ್ಕು ಗಾಲಿ, ಹೆಬ್ಬೆರಳು ಗಾತ್ರದ ಹಗ್ಗ ತಂದಳು. ಗಾಲಿಗಳನ್ನು ಒಂದು ಮಣೆಗೆ ಬಡಿದು ಪುಟ್ಟ ಬಂಡಿ ಮಾಡಿದಳು. ಕಂಡಕ್ಟರು ಕುಂಟುತ್ತ ಬಂದು ನೋಡಿದ.

"ಸರ್ಕಸ್ಸು ಕಂಪನಿ ಸೇರ್ತೀಯಾ?"

"ಟಿಕೆಟ್ ನೀವೇ ಹರೀರಿ. ಬೇರೆ ಏನು ಬರುತ್ತೆ ನಿಮಗೆ?"

ಭಾನುವಾರ ಮಧ್ಯಾಹ್ನ ಎಲ್ಲರೂ ಉಂಡು ಒರಗಿದ್ದ ಹೊತ್ತು. ಆಯಮ್ಮ ವ್ಯಾನಿನ ಹಿಂಭಾಗವನ್ನು ಗ್ಯಾರೇಜಿನ ಬಾಯಿಗೆ ತಂದು ನಿಲ್ಲಿಸಿ ಕೈಬ್ರೇಕು ಎಳೆದಳು. ವ್ಯಾನಿನ ನೆತ್ತಿಯ ಮೇಲಿದ್ದ ಎರಡು ಅಡ್ಡ ಸರಳುಗಳಲ್ಲಿ ಹಿಂದಿನದಕ್ಕೆ ಹಲಗೆಗಳನ್ನು ಒರಗಿಸಿ ಕಟ್ಟಿದಳು, ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಸಿದಳು. ಒಂದು ರಾಟೆ ಪೆಟ್ಟಿಗೆಯ ತಲೆಗೆ, ಇನ್ನೊಂದು ವ್ಯಾನಿನ ಮುಂದಿನ ಸರಳಿಗೆ. ಹಗ್ಗ ಎರಡರಲ್ಲೂ ಹಾದು ಅವಳ ಕೈಗೆ ಬಂತು. ಎಳೆದಳು. ಪೆಟ್ಟಿಗೆ ಮುಲುಗಿತು, ಕದಲಿತು, ಹಲಗೆ ಏರಿತು. ಆಯಮ್ಮನಿಗೆ ನಗು ಬಂತು.

ನಗು ಬಂದದ್ದೇ ತಪ್ಪಾಯಿತು. ಅರ್ಧ ಏರಿದ ಮೇಲೆ ಕೈ ಸೋತಿತು. ಸುಧಾರಿಸಿಕೊಳ್ಳೋಣ ಎಂದರೆ ಹಗ್ಗ ಕಟ್ಟಲು ಎಲ್ಲೂ ಏರ್ಪಾಡು ಮಾಡಿಕೊಂಡಿರಲಿಲ್ಲ. ಬಿಟ್ಟರೆ ಪೆಟ್ಟಿಗೆ ಹೋಗುತ್ತದೆ, ಹಿಡಿದರೆ ತೋಳು ಕಿತ್ತು ಬರುತ್ತದೆ. ಹಿಡಿದಳು. ಹಗ್ಗ ಅಂಗೈಯಲ್ಲಿ ಸುಯ್ಯೆಂದು ಓಡಿತು. ಪೆಟ್ಟಿಗೆ ಕೆಳಗಿಳಿದು, ಮಣೆಬಂಡಿಯನ್ನು ಒದ್ದು, ಸೀದಾ ಹೋಗಿ ಒಂದು ಸತ್ತ ಫ್ರಿಡ್ಜಿನ ಹೊಟ್ಟೆಗೆ ಗುದ್ದಿತು.

ಸದ್ದಿಗೆ ಮನೆಯೆಲ್ಲ ಬಂತು.

"ನನ್ನ ಫ್ರಿಡ್ಜು!" ಮಗ ಕಿರುಚಿದ. "ನೋಡು, ಬಾಗಿಲು ಒಳಗೆ ಹೋಗಿದೆ!"

"ಎರಡು ವರ್ಷದಿಂದ ಸತ್ತಿರೋದು. ಹೆಣಕ್ಕೆ ಗಾಯ ಆದ್ರೆ ನೋವಾಗುತ್ತಾ?"

"ಬಿಡಿಭಾಗಕ್ಕೆ ಇಟ್ಟಿದ್ದೀನಮ್ಮ!"

"ಎರಡು ವರ್ಷದಲ್ಲಿ ಒಂದು ಬಲ್ಬು ಬಿಚ್ಚಿದ್ದು ತೋರಿಸು."

"ಅತ್ತೆ, ಮೊದಲು ಕೈ ತೋರ್ಸಿ," ಅಂದಳು ಸೊಸೆ. ಎರಡೂ ಅಂಗೈಯ ಚರ್ಮ ಸುಲಿದಿತ್ತು.

ಸೊಸೆಯೇ ಔಷಧಿ ಅಂಗಡಿಯಿಂದ ಮುಲಾಮು ತಂದು ಪಟ್ಟಿ ಕಟ್ಟಿದಳು. ಪಟ್ಟಿ ಕಟ್ಟಿದ ಕೈಯಲ್ಲಿ ಒಲೆಯ ಕೆಲಸ ಇಲ್ಲ, ಪಾತ್ರೆ ಇಲ್ಲ, ಅಜ್ಜಿಯನ್ನು ಸಾಗಿಸುವುದಂತೂ ಇಲ್ಲವೇ ಇಲ್ಲ. ನಾಲ್ಕು ದಿನ ಮನೆ ಭಾನುವಾರದ ಹಾಗೇ ನಡೆಯಿತು. ಮಂಗಳವಾರ ಸಂಜೆ ಸೊಸೆ ಕೆಲಸದಿಂದ ಬಂದು, ಚಪ್ಪಲಿ ಬಿಡುವ ಮೊದಲೇ ತೊಳೆಯದ ಪಾತ್ರೆಗಳ ರಾಶಿ ಕಂಡು ಸಿಡಿದಳು.

"ನಿಮಗೇನು ಅತ್ತೆ, ನೀವು ಕೆರೆ ದಂಡೆಗೆ ಹೋಗ್ತೀರ! ಇಲ್ಲಿ ಅಡುಗೆ, ಪಾತ್ರೆ, ಅಜ್ಜಿ, ಎಲ್ಲ ನನ್ನ ತಲೆಗೇ ಬರುತ್ತೆ. ನಿಮ್ಮ ರಜೆಯ ಭಾರ ಹೊರೋಳು ನಾನು. ನನಗೂ ಅದೊಂದೇ ರಜೆ!"

ಹುಡುಗಿ ಹೇಳಿದ್ದು ಸುಳ್ಳಲ್ಲ.

"ನಿನ್ನ ಹೊಟ್ಟೆಯುರಿ ಸರಿ ಇದೆ. ಉರಿ ಹಚ್ಚೋ ಜಾಗ ತಪ್ಪು," ಅಂದಳು ಆಯಮ್ಮ. "ನಾನು ಮನೇಲಿ ಇಲ್ಲದಾಗ ನನ್ನ ಕೆಲಸ ನಿನಗೆ ಯಾಕೆ ಬರ್ಬೇಕು? ಅಲ್ಲಿ ಕೂತಿದ್ದಾರಲ್ಲ ಇಬ್ಬರು ಗಂಡಸರು, ಅವರಿಗೆ ಕೈ ಇಲ್ವಾ?"

"ಅವರಿಗೆ ಹೇಳೋರು ಯಾರು?"

"ನಾನು ಮೂವತ್ತು ವರ್ಷ ಹೇಳಲಿಲ್ಲ. ಅದೇ ನಾನು ಮಾಡಿದ ತಪ್ಪು. ನೀನು ಮೂರನೇ ವರ್ಷಕ್ಕೇ ಹೇಳು."

ಸೊಸೆ ಚಪ್ಪಲಿ ಬಿಟ್ಟು, ಟಿವಿಯ ಮುಂದಿದ್ದ ಗಂಡನ ಹತ್ತಿರ ಹೋಗಿ ಪಾತ್ರೆ ಉಜ್ಜುವ ನಾರನ್ನು ಅವನ ತೊಡೆಯ ಮೇಲೆ ಇಟ್ಟಳು. ಅವನು ಅದನ್ನು ನೋಡಿದ, ಹೆಂಡತಿಯನ್ನು ನೋಡಿದ, ಬಾಗಿಲಲ್ಲಿ ಪಟ್ಟಿ ಕಟ್ಟಿದ ಎರಡು ಕೈ ಎದೆಗೆ ಕಟ್ಟಿ ನಿಂತ ಅಮ್ಮನನ್ನು ನೋಡಿದ. ಎದ್ದು ಹೋದ. ಅಂದು ಎರಡು ಲೋಟ ಒಡೆದವು. ಒಡೆಯಲಿ ಅಂದಳು ಆಯಮ್ಮ.

ಅಜ್ಜಿಯ ಸ್ಥಿತಿ ಇನ್ನೂ ಕೆಟ್ಟಿತ್ತು. ನಾಲ್ಕನೆಯ ದಿನ ಆಯಮ್ಮ ಕೋಣೆಗೆ ಹೋದಾಗ ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಹಗ್ಗ ಕೈಯಲ್ಲಿ ಹಿಡ್ಕೊಂಡಿದ್ಯಂತೆ?"

"ಮತ್ತೆ ಹಲ್ಲಲ್ಲಿ ಹಿಡೀಬೇಕಿತ್ತಾ?"

"ದಡ್ಡಿ. ನಾನು ನನ್ನ ಅಪ್ಪನ ಮನೇಲಿ ಹತ್ತನೇ ವಯಸ್ಸಿಗೆ ಹುಚ್ಚೆದ್ದ ಎಮ್ಮೆ ಹಿಡಿದು ನಿಲ್ಲಿಸ್ತಿದ್ದೆ. ಎಮ್ಮೆ ಹಗ್ಗ ಯಾರಾದ್ರೂ ಬರೀ ಕೈಲಿ ಹಿಡೀತಾರಾ? ಗೂಟಕ್ಕೆ ಒಂದು ಸುತ್ತು ಹಾಕ್ಬೇಕು. ಆಗ ಎಮ್ಮೆ ಎಳೆದರೆ ಗೂಟಾನ ಎಳೆಯುತ್ತೆ, ನಿನ್ನನ್ನಲ್ಲ. ಒಂದು ಸುತ್ತು ಸಾಕು. ಬಿಡಬೇಕು ಅಂದ್ರೆ ಸಡಿಲಿಸು, ನಿಲ್ಲಿಸಬೇಕು ಅಂದ್ರೆ ಬಿಗಿ."

"ನೀವು ನನಗೆ ಉಪಾಯ ಹೇಳ್ಕೊಡ್ತಿದ್ದೀರಾ ಅತ್ತೆ? ನಾನು ಹೋಗೋದು ನಿಮಗೆ ಬೇಡ ತಾನೆ?"

"ಬೇಡವೇ ಬೇಡ. ಆದ್ರೆ ನಿನ್ನ ಕೈ ಇನ್ನೊಂದ್ಸಲ ಸುಟ್ಟರೆ ನಾನು ಈ ಕಟುಕರ ಕೈಲೇ ಸಾಯ್ತೀನಿ. ಬೇಗ ವಾಸಿ ಮಾಡ್ಕೋ."

ತಿಂಗಳ ಮೊದಲ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಮಗ ಕೆಲಸ ಮುಗಿಸಿ ಬಂದಾಗ ಅವನ ಮೂರು ಫ್ರಿಡ್ಜುಗಳು ಅಂಗಳದಲ್ಲಿ ಸಾಲಾಗಿ ನಿಂತಿದ್ದವು, ಬಸ್ಸಿಗೆ ಕಾಯುವವರ ಹಾಗೆ. ಗ್ಯಾರೇಜಿನ ಗೋಡೆ ಖಾಲಿ. ಗೋಡೆಗೆ ಹೊಸದಾಗಿ ಎರಡು ಕಬ್ಬಿಣದ ಕೊಕ್ಕೆ.

"ಯಾರು ಇವನ್ನ ಹೊರಗೆ ತಂದಿದ್ದು?"

"ನಾನು."

"ಒಬ್ಬಳೇ?"

"ಪ್ಲಾಸ್ಟಿಕ್ ಹಾಸಿ ಜಾರಿಸಿದೆ. ಮೂರನೇದು ಸ್ವಲ್ಪ ಹಟ ಮಾಡ್ತು."

"ಮಳೆ ಬಂದ್ರೆ?"

"ಬಂದ್ರೆ ತೊಳೆದು ಹೋಗುತ್ತೆ. ಒಂದೂವರೆ ಇಂಚು ಧೂಳಿದೆ." ಆಯಮ್ಮ ಸೆರಗು ಬಿಗಿದಳು. "ನೋಡೋ, ಈ ಗ್ಯಾರೇಜಿನ ಗೋಡೆ ಎದ್ದದ್ದು ನನ್ನ ರಾತ್ರಿ ಪಾಳಿ ದುಡ್ಡಲ್ಲಿ. ಸತ್ತ ಫ್ರಿಡ್ಜಿಗೆ ಇಲ್ಲಿ ಜಾಗ ಇದೆ, ಬದುಕಿರೋ ನನಗೆ ನಾಲ್ಕಡಿ ಗೋಡೆ ಇಲ್ಲ ಅಂದ್ರೆ ಹೇಳು. ಬೀದಿಯೋರೆಲ್ಲ ಕೇಳೋ ಹಂಗೆ ಹೇಳು."

ಮಗ ಗುಜರಿಯವನಿಗೆ ಫೋನು ಮಾಡಿದ. ಶನಿವಾರ ಬೆಳಿಗ್ಗೆ ಗುಜರಿಯವನು ಬಂದು ಎರಡನ್ನು ಒಯ್ದ. ಮೂರನೆಯದನ್ನು ಮಗ ತಾನೇ ಒಳಗೆ ಮೂಲೆಗೆ ತಳ್ಳಿಕೊಂಡ. ಅದಕ್ಕೆ ಆಯಮ್ಮ ಅಡ್ಡಿ ಮಾಡಲಿಲ್ಲ. ಒಂದು ಹೆಣ ಇರಲಿ, ಮನೆಯಲ್ಲಿ ಅಷ್ಟು ತಾಳ್ಮೆ ಇರಬೇಕು.

ಭಾನುವಾರ ಹತ್ತಕ್ಕೆ ಗಿರಾಕಿ ಬಂದ. ದಪ್ಪ ಮನುಷ್ಯ, ಜೊತೆಗೆ ಎತ್ತಲು ಮೂರು ಆಳು. ಬಂದವನೇ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದ, ಕಲ್ಲಂಗಡಿ ನೋಡುವವನ ಹಾಗೆ.

"ಮಾಲು ಚೆನ್ನಾಗಿದೆ. ಹಿಡೀರಯ್ಯ."

"ಕೈ ಮುಟ್ಟಬೇಡಿ," ಅಂದಳು ಆಯಮ್ಮ. "ನನಗೂ ನನ್ನ ಮಗನಿಗೂ ಒಂದು ಮಾತಾಗಿದೆ. ಅದು ತೀರ್ಮಾನ ಆಗೋ ತನಕ ಎಲ್ಲರೂ ಗೆರೆಯಾಚೆ." ಸೀಮೆಸುಣ್ಣದಲ್ಲಿ ಅವಳು ನೆಲದ ಮೇಲೆ ಗೆರೆ ಎಳೆದೇ ಇಟ್ಟಿದ್ದಳು.

ಒಳಗಿನಿಂದ ಅಜ್ಜಿ ಕೂಗಿದಳು: "ನನ್ನನ್ನ ಕಿಟಕಿ ಹತ್ರ ಕೂರಿಸ್ರೋ! ನಾನೂ ನೋಡ್ಬೇಕು!"

ಕಂಡಕ್ಟರು, ಮಗ, ಸೊಸೆ ಒಳಗೆ ಓಡಿದರು. "ಒಂದು, ಎರಡು..." "ಅಪ್ಪ, ಎತ್ತು, ಎರಡಾಯ್ತು!" "ರೈಟ್ ಅನ್ನೋ!" "ಅಯ್ಯೋ ನನ್ನ ತೋಳು! ಪಾಪಿಗಳಾ!" ಅಷ್ಟೂ ಅಂಗಳಕ್ಕೆ ಸ್ಪಷ್ಟವಾಗಿ ಕೇಳಿಸಿತು. ಗಿರಾಕಿಯ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಕಿಟಕಿಯಲ್ಲಿ ಅಜ್ಜಿಯ ಕೆದರಿದ ತಲೆ ಕಾಣಿಸಿತು.

ಆಯಮ್ಮ ಅಷ್ಟರಲ್ಲಿ ಹಲಗೆ ಕಟ್ಟಿ, ಪ್ಲಾಸ್ಟಿಕ್ ಹಾಸಿ, ರಾಟೆ ಸಿಕ್ಕಿಸಿದ್ದಳು. ವ್ಯಾನಿನ ಮುಂಭಾಗದ ಕೊಂಡಿಗೆ ಹಗ್ಗ ಒಂದು ಸುತ್ತು ಹಾಕಿ, ತುದಿಯನ್ನು ಕೈಗೆ ತೆಗೆದುಕೊಂಡಳು. ಎಳೆದಳು. ಪೆಟ್ಟಿಗೆ ಎರಡು ಗೇಣು ಏರಿತು. ಹಗ್ಗ ಬಿಗಿದು ನಿಲ್ಲಿಸಿ, ಸೊಂಟಕ್ಕೆ ಕೈಯಿಟ್ಟು ಉಸಿರು ತೆಗೆದುಕೊಂಡಳು. ಮತ್ತೆ ಎರಡು ಗೇಣು. ಮತ್ತೆ ನಿಂತಳು. ಅರ್ಧ ದಾರಿಯಲ್ಲಿ ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು ಕುಡಿದಳು, ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಲೋಟ.

"ಬೇಗ ಮಾಡಮ್ಮ," ಅಂದ ಗಿರಾಕಿ.

"ಆತುರ ಇದ್ದೋರು ಹೋಗಬಹುದು."

ತಲೆ ಮೊದಲು ಮೇಲಿನ ಸರಳು ದಾಟಿತು. ಅರ್ಧ ದಾಟಿದ ಮೇಲೆ ಪೆಟ್ಟಿಗೆ ತಾನೇ ತೂಗಿ, ಕಾಲು ಹಗುರಾಗಿ ಎದ್ದು, ಬೆನ್ನು ಸರಳುಗಳ ಮೇಲೆ ಮೆತ್ತಗೆ ಮಲಗಿತು. ಎಪ್ಪತ್ತೆರಡು ಕೆಜಿಯ ಅತ್ತೆ ದಿನವೂ ಮಲಗುತ್ತಿದ್ದದ್ದು ಹೀಗೆಯೇ. ಆಯಮ್ಮ ಏಣಿ ಹತ್ತಿ ನಾಲ್ಕು ನಟ್ಟು ಬಿಗಿದಳು, ಪೆಟ್ಟಿಗೆಯನ್ನು ಹಿಡಿದು ಅಲ್ಲಾಡಿಸಿದಳು. ಪೆಟ್ಟಿಗೆಯ ಬದಲು ವ್ಯಾನೇ ಅಲ್ಲಾಡಿತು.

"ಏರಿಸಿದ್ದಾಯ್ತು. ಇನ್ನು ಇಳಿಸೋದು."

ನಟ್ಟು ಬಿಚ್ಚಿದಳು. ಪೆಟ್ಟಿಗೆಯನ್ನು ಹಿಂದಕ್ಕೆ ಒಂದು ತಳ್ಳು ತಳ್ಳಿ, ಅದು ಹಲಗೆಯ ಮೇಲೆ ವಾಲಿದ ಕ್ಷಣ ಹಗ್ಗ ಹಿಡಿದಳು. ಎಮ್ಮೆ ಎಳೆಯಿತು. ಗೂಟ ತಡೆಯಿತು. ಅವಳು ಬೆರಳಲ್ಲೇ ಸಡಿಲಿಸುತ್ತ ಬಂದಳು, ಪೆಟ್ಟಿಗೆ ಮದುವೆಮನೆಯ ಹಿರಿಯರ ಹಾಗೆ ಒಂದೊಂದೇ ಹೆಜ್ಜೆ ಇಳಿಯಿತು. ಕೆಳಗಿನ ಅಂಚು ಮಣೆಬಂಡಿಯ ಮೇಲೆ ಕೂತಿತು. ಹಗ್ಗ ಕಟ್ಟಿಟ್ಟು ಹೋಗಿ, ಮೇಲಿನ ತುದಿಗೆ ಭುಜ ಕೊಟ್ಟು ನೆಟ್ಟಗೆ ನಿಲ್ಲಿಸಿದಳು. ಪೆಟ್ಟಿಗೆಯನ್ನು ಬಂಡಿಗೆ ಬಿಗಿದು, ಉರುಳಿಸಿಕೊಂಡು ಹೋಗಿ, ಖಾಲಿ ಗೋಡೆಗೆ ಒರಗಿಸಿ, ಎರಡು ಕೊಕ್ಕೆಗೆ ಎರಡು ಬೆಲ್ಟು ಸಿಕ್ಕಿಸಿದಳು. ಗ್ಯಾರೇಜಿನ ನಡುವೆ ಒಂದು ಮದುವೆ ಪಂಕ್ತಿ ಕೂರುವಷ್ಟು ಜಾಗ ಉಳಿಯಿತು.

ಕಿಟಕಿಯಿಂದ ಅಜ್ಜಿ ಕೂಗಿದಳು: "ಒಂದು ಸುತ್ತು ಸಾಕು ಅಂತ ನಾನೇ ಹೇಳಿದ್ದು!"

"ಆ ಹಲಗೆ, ರಾಟೆ, ಬಂಡಿ ಸೇರಿಸಿ ಕೊಡ್ತೀರಾ?" ಗಿರಾಕಿ ಕೇಳಿದ. "ಇಂಥದು ನನ್ನ ಅಂಗಡೀಲಿ ಇಲ್ಲ."

"ಗುಜರಿ ಅಂಗಡೀಲಿ ಇದೆ. ಮಾಡೋಳು ಮಾತ್ರ ಇಲ್ಲ."

ಅವನು ನಕ್ಕು ಆಳುಗಳನ್ನು ಕರೆದುಕೊಂಡು ಬರಿಗೈಲಿ ಹೋದ. ಮಗ ಗೆರೆಯಾಚೆಯೇ ನಿಂತಿದ್ದ. ಮಾತು ಕೊಟ್ಟಿದ್ದ, ತುಟಿ ಬಿಚ್ಚುವ ಹಾಗಿರಲಿಲ್ಲ. ಆದರೂ ಬಿಚ್ಚಿದ:

"ಸರಿ ಅಮ್ಮ, ಟೆಂಟು ನಿಂದೇ. ಆದ್ರೆ ಅಜ್ಜಿ? ನೀನು ಹೋದಾಗ ನಾವು ಮೂರು ಜನ ಸೇರಿದ್ರೂ..."

"ಅದಕ್ಕೇ ಬಾ ಒಳಗೆ. ಆ ಪ್ಲಾಸ್ಟಿಕ್ ತಗೊಂಡು ಬಾ."

ಅಜ್ಜಿಯ ಕೋಣೆಯಲ್ಲಿ ಅವಳು ಕೈ ಕಟ್ಟಿ ನಿಂತಳು. ಮಗನೇ ಹಾಳೆ ತೂರಿಸಿದ, ಹಲಗೆ ಇಟ್ಟ. ಸೊಸೆ ನೆರವಿಗೆ ಬಗ್ಗಿದಳು, ಆಯಮ್ಮ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ನಿಲ್ಲಿಸಿದಳು. "ನೀನು ಬೇಡ. ಅವನೊಬ್ಬನೇ."

"ಎಣಿಸ್ಲಾ ಅಮ್ಮ? ಮೂರು ಅಂದಾಗಲೋ, ಮೂರು ಆದಮೇಲೋ?"

"ಒಬ್ಬನೇ ಮಾಡೋ ಕೆಲಸಕ್ಕೆ ಯಾರಿಗೆ ಕೇಳಿಸೋಕೆ ಎಣಿಸ್ತೀಯ? ಮೊಣಕಾಲು ಮಂಚಕ್ಕೆ ಒತ್ತು. ಎಳಿ."

ಎಳೆದ. ಮುದುಕಿ ಜಾರಿದಳು, ಮಂಚ ಸೇರಿದಳು. ಬೈಗುಳ ಬರಲಿಲ್ಲ. ಅಜ್ಜಿ ಕಣ್ಣು ಬಿಟ್ಟು ಸೂರು ನೋಡಿದಳು, ಮೊಮ್ಮಗನನ್ನು ನೋಡಿದಳು.

"ಇನ್ನೊಂದ್ಸಲ ಮಾಡು," ಅಂದಳು. "ಆಕಸ್ಮಿಕಾನೋ ಏನೋ."

ಆ ವಾರವೆಲ್ಲ ಮಗ ಬೆಳಿಗ್ಗೆ ಒಂದು, ಸಂಜೆ ಒಂದು ಸರದಿ ಮಾಡಿದ. ಅಡುಗೆ, ಪಾತ್ರೆಯ ಸರದಿಯನ್ನು ಸೊಸೆ ಕಾಗದದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಶನಿವಾರ, ಭಾನುವಾರದ ಎದುರಿಗೆ ಕಂಡಕ್ಟರ ಹೆಸರಿತ್ತು. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

ಶನಿವಾರ ಮಧ್ಯಾಹ್ನ ಆಯಮ್ಮ ಯಾರನ್ನೂ ಕೂಗಲಿಲ್ಲ. ಹಗ್ಗ, ಹಲಗೆ, ರಾಟೆ, ನಾಲ್ಕು ನಟ್ಟು. ಮೊಟ್ಟೆಯ ಡಬ್ಬಿ ಪಕ್ಕದ ಸೀಟಿನಲ್ಲಿಟ್ಟು ಇಂಜಿನ್ನು ಶುರು ಮಾಡಿದಳು. ಕಂಡಕ್ಟರು ಕುಂಟುವುದನ್ನೂ ಮರೆತು ಗೇಟಿನ ತನಕ ಓಡಿಬಂದ. ಕೈಯಲ್ಲಿ ಸೌಟು, ಭುಜದ ಮೇಲೆ ಒದ್ದೆ ಟವೆಲ್ಲು.

"ಹೋಲ್ಡಾನ್! ಹೋಲ್ಡಾನ್! ಬೇಳೆಗೆ ಉಪ್ಪು ಎಷ್ಟು ಹಾಕ್ಲಿ? ನಾನೂ ಬರ್ಲೇನೇ?"

"ಉಪ್ಪು ರುಚಿ ನೋಡ್ಕೊಂಡು ಹಾಕಿ. ಅಮ್ಮನ್ನ ಒಬ್ಬರೇ ಮಂಚಕ್ಕೆ ಜಾರಿಸೋದು ಕಲೀರಿ. ಆಮೇಲೆ ಬನ್ನಿ."

"ಹೋಲ್ಡಾನ್ ಅಂದೆ ಕಣೇ!"

ಮೂವತ್ತು ವರ್ಷ ಊರಿನ ಬಸ್ಸುಗಳೆಲ್ಲ ಆ ಮಾತಿಗೆ ನಿಂತಿದ್ದವು. ಆಯಮ್ಮ ಕಿಟಕಿಯಿಂದ ಕೈ ಹೊರಗೆ ಹಾಕಿ ವ್ಯಾನಿನ ಬಾಗಿಲನ್ನು ಎರಡು ಸಲ ಬಡಿದಳು.

"ರೈಟ್!" ಅಂದು ಗೇರು ಹಾಕಿದಳು.